ಇಪ್ಪತ್ಮೂರು ವರ್ಷ ಕಪಾಟಿನಲ್ಲಿದ್ದ ಎರಡು ಕ್ಯಾಸೆಟ್: ಬೆಳಗಾವಿಯ ಒಂದು ಮೆಟಲ್ ಬ್ಯಾಂಡಿನ ಪ್ರಕರಣ

ಹಳೆ ಕ್ಯಾಸೆಟ್, ಸ್ಪೂಲ್ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಬೆಳಗಾವಿಯಲ್ಲಿ ನನ್ನ ಕೈಗೆ ಜಾಸ್ತಿ ಬರುವುದು ಭಜನೆ, ರಾತ್ರಿಯಿಡೀ ಆಡಿದ ಶ್ರೀಕೃಷ್ಣ ಪಾರಿಜಾತ, ಮನೆಯ ಹಿರಿಯರ ಗಾಯನ, ಮದುವೆ ಮಂಟಪದ ಗದ್ದಲ. ಹೆವಿ ಮೆಟಲ್ ಬಂದದ್ದು ಒಂದೇ ಸಲ, 2021ರ ಮಳೆಗಾಲದಲ್ಲಿ. ಗಣಪತಿ ಹಬ್ಬದ ಸೌಂಡ್ ಕೆಲಸದಿಂದ ಪರಿಚಯವಾಗಿದ್ದ ಗೆಳೆಯನೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟ. ಮೇಲೆ ಬಾಲ್‌ಪೆನ್ನಿನಲ್ಲಿ "ಬೆಳಗಾಂ, 98" ಅಂತ ಬರೆದಿತ್ತು. ಊರಿನ ಹೆಸರು ಅಧಿಕೃತವಾಗಿ ಬೆಳಗಾವಿ ಆದದ್ದು 2014ರ ನವೆಂಬರ್ 1ಕ್ಕೆ. ಆ ಅಕ್ಷರ ಅದಕ್ಕಿಂತ ಹದಿನಾರು ವರ್ಷ ಹಳೆಯದು.

ಗೆಳೆಯ ಆ ಬ್ಯಾಂಡಿನ ಡ್ರಮ್ಮರ್ ಆಗಿದ್ದವನು. ಬ್ಯಾಂಡಿನ ಹೆಸರನ್ನಾಗಲೀ ಯಾರ ಹೆಸರನ್ನಾಗಲೀ ಇಲ್ಲಿ ಬರೆಯುತ್ತಿಲ್ಲ. ಅವರಲ್ಲಿ ಒಬ್ಬರ ಮನೆಯವರು ಹಾಗೆ ಕೇಳಿಕೊಂಡಿದ್ದಾರೆ. ಆದರೆ ಕೆಲಸ ಹೇಗೆ ನಡೆಯಿತು, ಎಲ್ಲಿ ಎಡವಿದೆವು, ಯಾಕೆ ಜಗಳವಾಯಿತು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ನಮ್ಮ ಭಾಗದಲ್ಲಿ ಇಂಥ ಕ್ಯಾಸೆಟ್ ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿ ಇವೆ ಅಂತ ನನಗೆ ಗೊತ್ತು, ಅದಕ್ಕೆ.

ಬ್ಯಾಂಡು, ಖೋಲಿ, ಮಳೆ

ನಾಲ್ಕು ಜನ. ಗಿಟಾರ್, ಬೇಸ್, ಡ್ರಮ್ಸ್, ಹಾಡುವವನು. ಎಲ್ಲರೂ ಇಪ್ಪತ್ತರ ಆಚೀಚೆ. ಒಬ್ಬನ ಮನೆಯಲ್ಲಿ ಮರಾಠಿ, ಉಳಿದವರ ಮನೆಯಲ್ಲಿ ಕನ್ನಡ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿಂದ ಮತ್ತು ಪುಣೆಯಿಂದ ನಕಲು ಮಾಡಿಕೊಂಡು ಬಂದ ಕ್ಯಾಸೆಟ್ಟುಗಳೇ ಇವರ ಪಾಠಶಾಲೆ. ಟಿಳಕವಾಡಿಯ ಒಂದು ಮನೆಯ ಮಾಳಿಗೆ ಮೇಲೆ ತಗಡಿನ ಖೋಲಿ ಇತ್ತು, ಪ್ರಾಕ್ಟೀಸ್ ಅಲ್ಲಿ. ಡ್ರಮ್ಮರ್ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ರಾತ್ರಿಪಾಳಿ ಮುಗಿಸಿ, ಮುಖ ತೊಳೆದು, ಸೀದಾ ಖೋಲಿಗೆ ಬರುತ್ತಿದ್ದ. ಐದು ಹಾಡುಗಳಲ್ಲಿ ಒಂದು ಆ ರಾತ್ರಿಪಾಳಿಯ ಬಗ್ಗೆಯೇ ಇದೆ, ಕನ್ನಡದಲ್ಲಿ.

ಮೆಟಲ್ ಅನ್ನುವುದು ಇಂಗ್ಲಿಷ್ ಮಾತಾಡುವ ದೊಡ್ಡ ಊರಿನ ಹುಡುಗರ ಶೋಕಿ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಬ್ಲ್ಯಾಕ್ ಸ್ಯಾಬತ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಕಾರ್ಖಾನೆಗಳ ಊರಿನಲ್ಲಿ. ಅವರ ಗಿಟಾರ್ ವಾದಕ ಟೋನಿ ಅಯೋಮಿ 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಆತ ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಟೊಪ್ಪಿಗೆ ಮಾಡಿಕೊಂಡು ಬೆರಳಿಗೆ ಹಾಕಿಕೊಂಡ. 1971ರ ಮೂರನೇ ಆಲ್ಬಮ್ಮಿನ ಹೊತ್ತಿಗೆ ಎಷ್ಟೋ ಹಾಡುಗಳಿಗೆ ತಂತಿಗಳನ್ನು ಮೂರು ಅರ್ಧಸ್ವರ (ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಸೇರಿ ಮೂರು ಮನೆಯಷ್ಟು) ಕೆಳಗಿಳಿಸಿ ಸಡಿಲ ಮಾಡಿದ್ದರು. ದನಿ ಇನ್ನಷ್ಟು ಭಾರ ಆಯಿತು. ಈ ಮೂರು ಅರ್ಧಸ್ವರದ ಮಾತು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

1998ರ ಜುಲೈನಲ್ಲಿ ಸೌಂಡ್ ಬಾಡಿಗೆಗೆ ಕೊಡುವ ಒಬ್ಬರಿಂದ ನಾಲ್ಕು ಟ್ರ್ಯಾಕಿನ, ಅಂದರೆ ಟೇಪಿನ ನಾಲ್ಕು ಗೆರೆಗಳಲ್ಲಿ ನಾಲ್ಕು ಸದ್ದನ್ನು ಬೇರೆ ಬೇರೆಯಾಗಿ ತುಂಬುವ, ಕ್ಯಾಸೆಟ್ ರೆಕಾರ್ಡರ್ ತಂದರು. ಐದು ಹಾಡು ತುಂಬಿಸಿದರು. ಸಾದಾ ಡೆಕ್ಕಿನಲ್ಲಿ ಮಿಕ್ಸ್ ಮಾಡಿ ತಲಾ ಒಂದೊಂದು ನಕಲು ಹಂಚಿಕೊಂಡರು. ಒಂದು ನಕಲನ್ನು ಒಂದು ಕ್ಯಾಸೆಟ್ ಕಂಪನಿಗೂ ಕಳಿಸಿದರು. ಉತ್ತರ ಬರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಒಳಗಿನಿಂದಲೇ ಬಿತ್ತು. ಹಾಡುವವನು ತನ್ನ ದನಿ ಕೇಳಿ ಕುಗ್ಗಿಹೋದ. "ಇದು ನನ್ನ ದನಿ ಅಲ್ಲೋ, ಇದನ್ನ ಯಾರಿಗೂ ಕೇಳಿಸಬ್ಯಾಡ್ರಿ" ಅಂದ. ಗಿಟಾರ್‌ನವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಬ್ಯಾಂಡು ಮುಗಿಯಿತು. ಮೂಲ ಕ್ಯಾಸೆಟ್ಟುಗಳು ಬೇಸ್ ಬಾರಿಸುವವನ ಕಪಾಟು ಸೇರಿದವು. 2009ರಲ್ಲಿ ಅವನು ತೀರಿಕೊಂಡ. ಕಪಾಟಿನ ಆ ಖಾನೆಯನ್ನು ಅವನ ತಾಯಿ ಹನ್ನೆರಡು ವರ್ಷ ತೆಗೆದಿರಲಿಲ್ಲ.

ಮೊದಲ ದಿನ ಕೇಳಿದ್ದು

ಒಂದು ಕ್ಯಾಸೆಟ್ಟಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಬೆಳಗಾವಿ ಮಳೆಗೆ ಇದು ಮಾಮೂಲು. ಬೂಷ್ಟು ಇರುವ ಟೇಪನ್ನು ಒಳ್ಳೆಯ ಡೆಕ್ಕಿಗೆ ಹಾಕಲೇಬಾರದು, ಅದು ಹೆಡ್ಡಿಗೆ (ಟೇಪನ್ನು ಓದುವ ಭಾಗಕ್ಕೆ) ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಮಾಸ್ಕ್ ಹಾಕಿಕೊಂಡು, ಟೇಪನ್ನು ಒಣಗಲು ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಒರೆಸಿದೆ. ಚಿಪ್ಪಿಗೆ ಐದು ಸ್ಕ್ರೂ ಇದ್ದವು, ಅದು ಪುಣ್ಯ. ಅಂಟಿಸಿದ ಚಿಪ್ಪಾಗಿದ್ದರೆ ಒಡೆಯಬೇಕಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಉಣ್ಣೆ ತುಂಡು ಉದುರಿಹೋಗಿತ್ತು. ಇಡೀ ಟೇಪನ್ನು ಹೊಸ ಚಿಪ್ಪಿಗೆ ವರ್ಗಾಯಿಸಿದೆ. ಕೆಲವರು ಇಂಥ ಹೊತ್ತಿಗೆ ಟೇಪನ್ನು ಬಿಸಿ ಮಾಡಬೇಕು ಅನ್ನುತ್ತಾರೆ. ಅದು ಒಂದು ಕಾಲದ ಕೆಲವು ದೊಡ್ಡ ರೀಲು ಟೇಪುಗಳಿಗೆ, ಅವುಗಳ ಅಂಟು ತೇವ ಹೀರಿ ಜಿಗುಟಾದಾಗ ಮಾಡುವ ಕೆಲಸ. ಕ್ಯಾಸೆಟ್ಟಿಗೆ ಅದು ಬೇಕಾಗುವುದು ಅಪರೂಪ. ದಯವಿಟ್ಟು ಮನೆಯಲ್ಲಿ ಪ್ರಯತ್ನ ಮಾಡಬೇಡಿ.

ಸಾದಾ ಡೆಕ್ಕಿಗೆ ಹಾಕಿದಾಗ ಬಂದ ಸದ್ದು ಕೇಳಿ ಡ್ರಮ್ಮರ್ ಗಾಬರಿ ಆದ. ಯಾವುದೋ ಗುಹೆಯೊಳಗಿಂದ ಎಳೆದೆಳೆದು ಬರುವ ಹಾಡು. ಕ್ಯಾಸೆಟ್ ತಿರುಗಿಸಿ ಹಾಕಿದರೆ ಎಲ್ಲ ಹಿಂದುಮುಂದು. "ಕೆಟ್ಟು ಹೋತಲ್ಲೋ" ಅಂದ. ಕೆಟ್ಟಿರಲಿಲ್ಲ. ಸಾದಾ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅವರು ತಂದಿದ್ದ ಯಂತ್ರ ಅದರ ಎರಡರಷ್ಟು ವೇಗದ್ದು. ಅದೂ ಅಲ್ಲದೆ ಸಾದಾ ಕ್ಯಾಸೆಟ್ಟಿನಲ್ಲಿ ಎ ಮತ್ತು ಬಿ ಎರಡು ಬದಿಗೆ ಹಂಚಿಹೋಗುವ ನಾಲ್ಕು ಗೆರೆಗಳನ್ನೂ ಅದು ಒಂದೇ ದಿಕ್ಕಿನಲ್ಲಿ ಬಳಸುತ್ತದೆ. ಅದಕ್ಕೇ ಒಂದು ಬದಿ ನಿಧಾನ, ಇನ್ನೊಂದು ಬದಿ ಉಲ್ಟಾ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಹೀಗೆ ಹಿಡಿಯುವುದು 15 ನಿಮಿಷ ಅಷ್ಟೇ. ಐದು ಹಾಡಿಗೆ ಎರಡು ಕ್ಯಾಸೆಟ್ ಬೇಕಾದದ್ದು ಹಾಗೆ. ಮನೆಯಲ್ಲಿ ಇಂಥ ಕ್ಯಾಸೆಟ್ ಸಿಕ್ಕಿ, ಹಾಕಿ ನೋಡಿ, ಕೆಟ್ಟಿದೆ ಅಂತ ಎಸೆದವರು ಎಷ್ಟು ಜನರೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಅದೇ ಬಗೆಯ ಯಂತ್ರ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಪುಣೆಯಲ್ಲಿ ಒಂದು ಸಿಕ್ಕಿತು. ಅದರೊಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಹೊಸ ಬೆಲ್ಟ್ ಹಾಕಿ, ಹೆಡ್ಡಿನ ಓರೆಯನ್ನು ಕಿವಿಯಿಂದಲೇ ಕೇಳುತ್ತಾ ಸರಿ ಮಾಡಿ, ಡಿಬಿಎಕ್ಸ್ ಬಟನ್ ಒತ್ತಿ ಮತ್ತೆ ಹಾಕಿದೆ. ಈ ಡಿಬಿಎಕ್ಸ್ ಅನ್ನುವುದು ಟೇಪಿನ ಸುಯ್ ಸದ್ದು ಅಡಗಿಸುವ ಪದ್ಧತಿ. ತುಂಬುವಾಗ ದನಿಯ ಏರಿಳಿತವನ್ನು ಅರ್ಧಕ್ಕೆ ಹಿಚುಕುತ್ತದೆ, ಕೇಳುವಾಗ ಮತ್ತೆ ಅಷ್ಟೇ ಬಿಡಿಸುತ್ತದೆ. ಬಿಡಿಸದೆ ಕೇಳಿದರೆ ಎಲ್ಲವೂ ಚೀರಿದಂತೆ, ಉಸಿರು ಕಟ್ಟಿದಂತೆ ಇರುತ್ತದೆ. ಬಟನ್ ಒತ್ತಿದ ಮೇಲೆ ನಾಲ್ಕು ಟ್ರ್ಯಾಕುಗಳು ಬೇರೆ ಬೇರೆಯಾಗಿ, ಸ್ವಚ್ಛವಾಗಿ ಬಂದವು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡೆ.

ಹಾರ್ಮೋನಿಯಂ

ಈಗ ಬಂದದ್ದು ನಿಜವಾದ ತೊಡಕು. ಹಾಡಿನ ಸರಿಯಾದ ಶ್ರುತಿ ಯಾವುದು? ಇಂಥ ಯಂತ್ರದಲ್ಲಿ ವೇಗ ಹೆಚ್ಚುಕಮ್ಮಿ ಮಾಡುವ ಒಂದು ಗುಂಡಿ ಇರುತ್ತದೆ. 1998ರಲ್ಲಿ ಅದು ಎಲ್ಲಿತ್ತು ಅಂತ ಯಾರಿಗೂ ನೆನಪಿಲ್ಲ.

ಟೇಪಿನಲ್ಲಿ ಕರೆಂಟಿನ ಗುಂಯ್ ಸದ್ದು ಇತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಆ ಸದ್ದನ್ನು 50ಕ್ಕೆ ಕೂರಿಸಿದರೆ ವೇಗ ಸರಿಹೋಗುತ್ತದೆ ಅಂತ ನನ್ನ ಲೆಕ್ಕ. ಅಳೆದರೆ 47.4 ಬಂತು. ಅಂದರೆ ವೇಗವನ್ನು ನೂರಕ್ಕೆ ಐದೂವರೆ ಏರಿಸಬೇಕು. ಏರಿಸಿದೆ. ಕೇಳಿದರೆ ಹಾಡುವವನ ದನಿ ತೆಳ್ಳಗೆ, ಮೂಗಿನಿಂದ ಬಂದಂತೆ. ಏನೋ ಸರಿ ಇಲ್ಲ ಅನ್ನಿಸಿತು, ಆದರೆ ಅಳತೆಯೇ ಹಾಗೆ ಹೇಳುತ್ತಿದೆಯಲ್ಲ ಅಂತ ಸುಮ್ಮನಾದೆ.

ಸುಮ್ಮನಾದದ್ದು ತಪ್ಪು. ಆ ಕಾಲದಲ್ಲಿ ನಮ್ಮ ಕರೆಂಟು 50 ಹರ್ಟ್ಸ್ ಇರುತ್ತಿದ್ದದ್ದೇ ಕಡಿಮೆ. ಬೇಡಿಕೆ ಏರಿ ಉತ್ಪಾದನೆ ಸಾಲದೆ ಹೋದರೆ ಫ್ರೀಕ್ವೆನ್ಸಿ ಇಳಿಯುತ್ತದೆ. 90ರ ದಶಕದ ದಕ್ಷಿಣ ಗ್ರಿಡ್‌ನಲ್ಲಿ ಅದು 49ಕ್ಕಿಂತ ಕೆಳಗೆ ಹೋಗುವುದು ದಿನದ ಮಾತಾಗಿತ್ತು. 2003ರ ಆರಂಭದಲ್ಲಿ ಕರೆಂಟಿಗೆ ಹೊಸ ದರ ಪದ್ಧತಿ ಬಂದ ಮೇಲೆ ಹಿಡಿತಕ್ಕೆ ಬಂತು. ಕರೆಂಟ್ ಕೆಲಸ ಮಾಡುವ ಹಿರಿಯರೊಬ್ಬರು ಚಹಾ ಕುಡಿಯುತ್ತಾ ಇದನ್ನು ನೆನಪಿಸಿದಾಗ ನನ್ನ ಲೆಕ್ಕವೆಲ್ಲ ಬುಡಮೇಲಾಯಿತು. ಅಳೆಯುವ ಕೋಲೇ ಗಿಡ್ಡ ಇದ್ದರೆ ಏನು ಮಾಡುವುದು?

ಡ್ರಮ್ಮರ್ ಆಗ ಒಂದು ಮಾತು ಹೇಳಿದ. ಅವರ ಹತ್ತಿರ ಟ್ಯೂನರ್ ಇರಲಿಲ್ಲ. ಬೇಸ್ ಬಾರಿಸುವವನ ತಾಯಿ ಭಜನೆಗೆ ಕೂರುತ್ತಿದ್ದರು, ಅವರ ಹಾರ್ಮೋನಿಯಂ ಮನೆಯಲ್ಲಿತ್ತು. ತಾಯಿ ಹಾಡುತ್ತಿದ್ದದ್ದು ಕಾಳಿ ಒಂದರಲ್ಲಿ, ಅಂದರೆ ಪೆಟ್ಟಿಗೆಯ ಮೊದಲ ಕಪ್ಪು ಮನೆಯ (ಕೀಲಿಯ) ಶ್ರುತಿಯಲ್ಲಿ. ಹುಡುಗರು ಅದೇ ಮನೆಯನ್ನು ಒತ್ತಿ ಹಿಡಿದು ದಪ್ಪ ತಂತಿಯನ್ನು ಅದಕ್ಕೆ ಇಳಿಸಿಕೊಳ್ಳುತ್ತಿದ್ದರು. ಗಿಟಾರಿನ ದಪ್ಪ ತಂತಿ ಮಾಮೂಲಿಗಿಂತ ಮೂರು ಅರ್ಧಸ್ವರ ಇಳಿದರೆ ನಿಲ್ಲುವುದು ಸರಿಯಾಗಿ ಕಾಳಿ ಒಂದಕ್ಕೇ. 1971ರಲ್ಲಿ ಬರ್ಮಿಂಗ್‌ಹ್ಯಾಮ್‌ನವರು ಹೋಗಿ ನಿಂತ ಜಾಗಕ್ಕೆ ಇವರು ಭಜನೆ ಪೆಟ್ಟಿಗೆ ಹಿಡಿದು ತಲುಪಿದ್ದರು. ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಶಹಾಪುರದ ಆ ಮನೆಗೆ ಹೋದೆವು. ಹಾರ್ಮೋನಿಯಂ ಕೆಂಪು ಬಟ್ಟೆ ಹೊದ್ದು ದೇವರ ಖೋಲಿಯಲ್ಲಿ ಕೂತಿತ್ತು. ಅದರ ಶ್ರುತಿಯನ್ನು ಯಾರೂ ಮುಟ್ಟಿಸಿಲ್ಲ ಅಂತ ತಾಯಿ ಹೇಳಿದರು. ಕಾಕೂ (ಆ ತಾಯಿಯನ್ನು ಕರೆಯುವುದು ಹಾಗೆ) ಬಾತೆ, ಅಂದರೆ ಗಾಳಿ ತುಂಬುವ ತಿದಿ, ಒತ್ತಿ ಕಾಳಿ ಒಂದು ಹಿಡಿದರು, ನಾನು ಮೈಕ್ ಹಿಡಿದೆ. ಪುಸ್ತಕದ ಪ್ರಕಾರ 138.6 ಹರ್ಟ್ಸ್ ಇರಬೇಕಾದದ್ದು 139.9 ಬಂತು. ಟೇಪಿನಲ್ಲಿ ಗಿಟಾರಿನ ಬಿಟ್ಟ ತಂತಿ 67.8 ಇತ್ತು. ಅದು ಹಾರ್ಮೋನಿಯಂ ಸ್ವರದ ಕೆಳಗಿನ ಸಪ್ತಕದಲ್ಲಿ, ಅಂದರೆ 69.95ರಲ್ಲಿ ಕೂರಬೇಕು. ಏರಿಸಬೇಕಾದದ್ದು ನೂರಕ್ಕೆ ಮೂರು ಚಿಲ್ಲರೆ, ಐದೂವರೆ ಅಲ್ಲ. ಅಷ್ಟು ಏರಿಸಿ ಕರೆಂಟಿನ ಸದ್ದನ್ನು ಮತ್ತೆ ಅಳೆದರೆ 48.9. ಆ ಕಾಲದ ಬೆಳಗಾವಿಯ ಕರೆಂಟಿಗೆ ಒಪ್ಪುವ ಅಂಕಿಯೇ. ಹಾರ್ಮೋನಿಯಂ ಒಳಗೆ ಸ್ವರ ಹೊರಡಿಸುವ ರೀಡುಗಳು ವರ್ಷ ಕಳೆದಂತೆ ಸ್ವಲ್ಪ ಸರಿಯುತ್ತವೆ, ಅದು ನಿಜ. ಆದರೂ ಎರಡು ದಾರಿ ಒಂದೇ ಕಡೆ ಬಂದು ಸೇರಿದ್ದವು.

ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಹಾಡು ಹಾಕಿದೆವು. ಕಾಕೂ ಸ್ವಲ್ಪ ಹೊತ್ತು ಕೇಳಿ, "ಇದರಾಗ ನನ್ನ ಮಗಾ ಎಲ್ಲಿ ಅದಾನೋ ತಮ್ಮಾ?" ಅಂದರು. ಡ್ರಮ್ಮರ್ ಸ್ಪೀಕರಿನ ಮೇಲೆ ಅವರ ಕೈ ಇಡಿಸಿದ. "ಈ ನಡುಗ್ತದಲ್ಲ ಕಾಕೂ, ಇದು ಅವಂದು." ಅವರು ಹಾಡು ಮುಗಿಯುವವರೆಗೆ ಕೈ ತೆಗೆಯಲಿಲ್ಲ.

ಜಗಳ

ಹಾಡುವವನಿಗೂ ಗಿಟಾರ್‌ನವನಿಗೂ ಫೋನ್ ಮಾಡಿದೆವು. ಬಿಡುಗಡೆ ಮಾಡೋಣ ಅನ್ನುವುದಕ್ಕೆ ಇಬ್ಬರೂ ಒಪ್ಪಿದರು, ಆದರೆ ಇಬ್ಬರದ್ದೂ ಒಂದೊಂದು ಷರತ್ತು. ಹಾಡುವವನು ಎಲ್ಲವನ್ನೂ ಮತ್ತೆ ಹಾಡುತ್ತೇನೆ ಅಂದ. ಗಿಟಾರ್‌ನವನಿಗೆ ಡ್ರಮ್ಸ್ ಬದಲಾಯಿಸಬೇಕಿತ್ತು. ತಗಡಿನ ಖೋಲಿಯಲ್ಲಿ ಎರಡೇ ಮೈಕಿನಲ್ಲಿ ತುಂಬಿದ ಡ್ರಮ್ಸ್ ಈಗಿನ ಕಿವಿಗೆ ಡಬ್ಬಾ ಬಡಿದಂತೆ ಕೇಳುತ್ತದೆ, ಕಂಪ್ಯೂಟರಿನಲ್ಲಿ ಹೊಸದು ಕೂರಿಸೋಣ ಅನ್ನುವುದು ಅವನ ವಾದ. ಇಬ್ಬರ ಮಾತಿನಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಚೆನ್ನಾಗಿ ಬರಲಿ ಅನ್ನುವುದೇ ಆಸೆ.

ನಾನು ಅವರಿಗೆ ಬ್ಲ್ಯಾಕ್ ಸ್ಯಾಬತ್‌ನಲ್ಲಿ ಹಾಡುತ್ತಿದ್ದ ಓಝಿ ಆಸ್ಬರ್ನ್ ಪ್ರಕರಣ ಹೇಳಿದೆ. ಅವನ ಮೊದಲ ಎರಡು ಸೋಲೊ ಆಲ್ಬಮ್ಮುಗಳು 2002ರಲ್ಲಿ ಮತ್ತೆ ಬಂದಾಗ ಮೂಲದ ಬೇಸ್ ಮತ್ತು ಡ್ರಮ್ಸ್ ತೆಗೆದು ಬೇರೆಯವರಿಂದ ಬಾರಿಸಿ ಹಾಕಿದ್ದರು. ಮೂಲದಲ್ಲಿ ಬಾರಿಸಿದ್ದ ಬಾಬ್ ಡೈಸ್ಲಿ, ಲೀ ಕೆರ್ಸ್ಲೇಕ್ ಜತೆ ರಾಯಲ್ಟಿ ತಕರಾರು ನಡೆದಿತ್ತು. ಕೇಳುಗರು ಸಿಟ್ಟಾದರು. 2011ರ ಆವೃತ್ತಿಯಲ್ಲಿ ಮೂಲವನ್ನೇ ವಾಪಸ್ ತರಬೇಕಾಯಿತು. ಇದಕ್ಕೆ ಎದುರು ಉದಾಹರಣೆಯೂ ಇದೆ. ಅಮೆರಿಕದ ಮೆಟಲ್ ಬ್ಯಾಂಡು ಮೆಟಾಲಿಕಾ 1982ರಲ್ಲಿ ಮಾಡಿದ ಡೆಮೊ ಕ್ಯಾಸೆಟ್ಟನ್ನು 2015ರಲ್ಲಿ ಕ್ಯಾಸೆಟ್ಟಾಗಿಯೇ ಹೊರತಂದರು. ಸ್ಲೀಪ್ ಅನ್ನುವ ಬ್ಯಾಂಡು ಒಂದು ಗಂಟೆಗೂ ಮೀರಿದ ಒಂದೇ ಹಾಡು ಮಾಡಿ ಕೊಟ್ಟಾಗ ಕಂಪನಿ ಹೊರತರಲು ಒಪ್ಪದೆ ಮೂಲೆಗಿಟ್ಟಿತು. ಅದು 1999ರಲ್ಲಿ ಒಂದು ರೂಪದಲ್ಲಿ, 2003ರಲ್ಲಿ ಇನ್ನೊಂದು ರೂಪದಲ್ಲಿ ಬಂದು, ಇವತ್ತು ಆ ಬಗೆಯ ಮೆಟಲ್ ಕೇಳುವವರು ಮೊದಲು ಹೆಸರು ಹೇಳುವುದೇ ಅದನ್ನು.

ಈ ಮಾತುಗಳಿಂದ ಅವರು ಪೂರ್ತಿ ಒಪ್ಪಲಿಲ್ಲ. ಒಪ್ಪಿಸಿದ್ದು ಟೇಪೇ. ನಾಲ್ಕೇ ಟ್ರ್ಯಾಕ್ ಇದ್ದುದರಿಂದ ಎರಡು ಗಿಟಾರಿಗೆ ಜಾಗ ಮಾಡಲು ಹುಡುಗರು ಡ್ರಮ್ಸ್ ಮತ್ತು ಬೇಸನ್ನು ಸೇರಿಸಿ ಒಂದೇ ಟ್ರ್ಯಾಕಿಗೆ ಬೌನ್ಸ್ ಮಾಡಿದ್ದರು. ಬಳಿಕ ಅವುಗಳ ಮೂಲ ಟ್ರ್ಯಾಕುಗಳನ್ನು ಅಳಿಸಿ ಅಲ್ಲೇ ಗಿಟಾರ್ ತುಂಬಿದ್ದರು. ಬೌನ್ಸ್ ಆದದ್ದು ಆಯಿತು, ಹಾಲಿಗೆ ನೀರು ಬೆರೆತ ಹಾಗೆ. ಈಗ ಬೇರೆ ಮಾಡುವ ಸಾಫ್ಟ್‌ವೇರ್ ಇದೆ, ಮಾಡಿ ನೋಡಿದೆ. ಬೇಸ್ ತಂತಿಯೂ ಕಾಲಿನ ಡ್ರಮ್ಮೂ ಒಂದೇ ತಗ್ಗಿನಲ್ಲಿ ಇರುವುದರಿಂದ ಎರಡೂ ನೀರೊಳಗೆ ಮಾತಾಡಿದಂತೆ ಕೇಳಿದವು. ಬೀಟಲ್ಸ್‌ನವರು 2023ರಲ್ಲಿ ಹಳೆ ಕ್ಯಾಸೆಟ್ಟಿನಿಂದ ತಮ್ಮ ಹಾಡುಗಾರ ಜಾನ್ ಲೆನನ್ ದನಿ ಬಿಡಿಸಿಕೊಂಡರಲ್ಲ ಅಂತ ಆಮೇಲೆ ಕೆಲವರು ಕೇಳಿದರು. ಅಲ್ಲಿ ಬಿಡಿಸಬೇಕಿದ್ದದ್ದು ದನಿಯನ್ನು ಪಿಯಾನೊದಿಂದ. ಇಲ್ಲಿಯ ಗಂಟು ಬೇರೆ. ಡ್ರಮ್ಸ್ ತೆಗೆದರೆ ಬೇಸ್ ಹೋಗುತ್ತದೆ. ತೀರಿಕೊಂಡ ಬೇಸ್‌ನವನು ಬಾರಿಸಿದ್ದು ಜಗತ್ತಿನಲ್ಲಿ ಉಳಿದಿರುವುದು ಆ ಟ್ರ್ಯಾಕಿನಲ್ಲಿ ಮಾತ್ರ. ಇದನ್ನು ಹೇಳಿದಾಗ ಪುಣೆಯ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ "ಹಂಗಾರ ಇರಲಿ ಬಿಡೋ" ಅಂದ.

ಹಾಡುವವನದ್ದು ಬೇರೆಯೇ ಕತೆ. ಅವನ ಹತ್ತಿರ ಇದ್ದ 1998ರ ನಕಲನ್ನು ತರಿಸಿ ಅಳೆದೆ. ಅದು ಮೂಲಕ್ಕಿಂತ ಮುಕ್ಕಾಲು ಅರ್ಧಸ್ವರ ಮೇಲೆ ಓಡುತ್ತಿತ್ತು! ನಕಲು ಮಾಡಿದ ಡೆಕ್ಕು ನಿಧಾನ ಇದ್ದಿರಬೇಕು, ಅದರಲ್ಲಿ ತುಂಬಿದ್ದನ್ನು ಬೇರೆ ಡೆಕ್ಕಿನಲ್ಲಿ ಹಾಕಿದರೆ ವೇಗ ಏರುತ್ತದೆ. ಅವನು ಇಷ್ಟು ವರ್ಷ ನಾಚಿಕೆ ಪಟ್ಟಿದ್ದ ಆ ತೆಳ್ಳನೆಯ ದನಿ ಅವನದ್ದೇ ಅಲ್ಲ, ಕೆಟ್ಟ ಡೆಕ್ಕಿನದ್ದು. ಸರಿಯಾದ ಶ್ರುತಿಯಲ್ಲಿ ಕೇಳಿಸಿದೆ. ರಾತ್ರಿಪಾಳಿಯ ಹಾಡನ್ನು ಮೂರು ಸಲ ಹಾಕಿಸಿಕೊಂಡ. ಮತ್ತೆ ಹಾಡುವ ಮಾತು ಎತ್ತಲಿಲ್ಲ. ಹಳೆ ರೆಕಾರ್ಡಿಂಗ್ ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡುವ ಮುಂಚೆ ಅದನ್ನು ಒಮ್ಮೆಯಾದರೂ ಸರಿಯಾಗಿ ಕೇಳಬೇಕು ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನನ್ನ ತಪ್ಪೂ ಒಂದಿದೆ. ಮೊದಲ ಮಿಕ್ಸಿನಲ್ಲಿ ಸುಯ್ ಸದ್ದು ತೆಗೆಯಲು ಹೋಗಿ ಜಾಸ್ತಿ ಒರೆಸಿಬಿಟ್ಟೆ. ಕೇಳಲು ನುಣುಪಾಗಿತ್ತು. ಡ್ರಮ್ಮರ್ ಕೇಳಿ, "ನಮ್ಮ ಖೋಲಿ ಎಲ್ಲಿ ಹೋತು?" ಅಂದ. ತಗಡಿನ ಮೇಲಿನ ಜುಲೈ ಮಳೆ, ಹಾಡಿನ ಮೊದಲಿನ ಕೋಲಿನ ಟಕಟಕ, ಯಾರೋ ಕೆಮ್ಮಿದ್ದು, ಎಲ್ಲ ಹೋಗಿತ್ತು. ಮತ್ತೆ ಮೊದಲಿನಿಂದ ಮಾಡಿದೆ. ಈಗ ಎರಡನೇ ಹಾಡು ಮುಗಿದ ಮೇಲೆ ಆರು ಸೆಕೆಂಡು ಬರೀ ಮಳೆ ಇದೆ. ಅದನ್ನು ಕತ್ತರಿಸಿಲ್ಲ.

ಯಾರದ್ದು ಈ ಟೇಪು?

ಯಂತ್ರ ಬಾಡಿಗೆಗೆ ಕೊಟ್ಟಿದ್ದವರು ಸುದ್ದಿ ತಿಳಿದು, ನನ್ನ ಯಂತ್ರದಲ್ಲಿ ಮಾಡಿದ್ದು, ನನಗೂ ಪಾಲು ಬೇಕು ಅಂದರು. 1957ರ ಕೃತಿಸ್ವಾಮ್ಯ ಕಾಯ್ದೆ ಇದಕ್ಕೆ ನೇರ ಉತ್ತರ ಕೊಡುತ್ತದೆ. ಧ್ವನಿಮುದ್ರಣದ ಕರ್ತೃ ಅಂದರೆ ಅದರ ನಿರ್ಮಾಪಕ, ನಿರ್ಮಾಪಕ ಅಂದರೆ ಅದನ್ನು ಮಾಡಲು ಮುಂದಾಗಿ ಹೊಣೆ ಹೊತ್ತವನು. ಬಾಡಿಗೆ ಪಡೆದು ಯಂತ್ರ ಕೊಟ್ಟ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ನಾಲ್ವರೂ ದುಡ್ಡು ಹಾಕಿ ಬಾಡಿಗೆ ಕಟ್ಟಿದ್ದರು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ, ಅದು ಬರೆದವರದ್ದು, ಅವರು ತೀರಿದ ಮೇಲೆ 60 ವರ್ಷ ವಾರಸುದಾರರದ್ದು. ಬಾರಿಸಿದವರಿಗೆ ಪ್ರದರ್ಶಕರ ಹಕ್ಕು ಅಂತ ಇನ್ನೊಂದಿದೆ. ಹಾಗಾಗಿ ಬೇಸ್‌ನವನ ಪಾಲು ಅವನ ತಾಯಿಗೆ. ಒಂದೇ ಪುಟದ ಕರಾರು ಕನ್ನಡದಲ್ಲಿ ಬರೆದೆವು. ನಾಲ್ಕು ಸಮಪಾಲು, ಹೊಸದಾಗಿ ಏನೂ ಬಾರಿಸಿ ಸೇರಿಸುವಂತಿಲ್ಲ, ಮೂಲ ಟೇಪು ಒಬ್ಬರ ಬಳಿಯೇ ಇದ್ದರೂ ನಾಲ್ವರಿಗೂ ಸೇರಿದ್ದು. ಕಾಕೂ ಮರಾಠಿ, ಕನ್ನಡ ಎರಡನ್ನೂ ಓದಬಲ್ಲರು. ಎರಡು ಸಲ ಓದಿ ಸಹಿ ಮಾಡಿದರು. ಬಾಡಿಗೆಯವರ ಹೆಸರನ್ನು ಕೃತಜ್ಞತೆಯಲ್ಲಿ ಹಾಕಿದೆವು, ಅವರೂ ಸಮಾಧಾನ ಆದರು.

2023ರಲ್ಲಿ ಐದೂ ಹಾಡುಗಳು ಇಂಟರ್ನೆಟ್ಟಿಗೆ ಬಂದವು, ಜತೆಗೆ ಒಂದಿಷ್ಟು ಕ್ಯಾಸೆಟ್ಟುಗಳು. ದೊಡ್ಡ ದುಡ್ಡು ಬರಲಿಲ್ಲ. ಉದ್ಯಮಬಾಗದ ಹಳೆ ಕೆಲಸಗಾರರು ರಾತ್ರಿಪಾಳಿಯ ಹಾಡನ್ನು ವಾಟ್ಸಾಪಿನಲ್ಲಿ ಕಳಿಸಿಕೊಂಡರು. ಒಬ್ಬರು ಫೋನ್ ಮಾಡಿ, ಆ ಹಾಡಿನಲ್ಲಿ ಬರುವ ಭಟ್ಟಿಯ ಸದ್ದು ಎಲ್ಲಿ ತುಂಬಿದಿರಿ ಅಂತ ಕೇಳಿದರು. ತುಂಬಿರಲಿಲ್ಲ. ಅದು ಗಿಟಾರ್.

ಮೂಲ ಕ್ಯಾಸೆಟ್ಟುಗಳು ಈಗ ಡ್ರಮ್ಮರ್ ಮನೆಯ ಸ್ಟೀಲ್ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಪುಡಿಕೆಯ ಜತೆ ನಿಂತಿವೆ. ಮಲಗಿಸಿ ಇಡಬಾರದು. ಇಳಿಸಿದ ಫೈಲುಗಳು ಮೂರು ಕಡೆ ಇವೆ, ಒಂದು ಪುಣೆಯಲ್ಲಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ನಾನು ಹೋಗಿ ಪುಡಿಕೆ ಬದಲಾಯಿಸುತ್ತೇನೆ. ಹಾಡುವವನು ಎರಡು ಹೊಸ ಹಾಡು ಬರೆದಿದ್ದಾನೆ, ಬೇರೆಯಾಗಿಯೇ ಹೊರತರುತ್ತಾನಂತೆ. ಹೋದ ವಾರ ಕಾಕೂಗೆ ಫೋನ್ ಮಾಡಿ, ಶ್ರುತಿ ಹಿಡಿಯಲು ಹಾರ್ಮೋನಿಯಂ ಒಂದು ದಿನ ಕೊಡುತ್ತೀರಾ ಅಂತ ಕೇಳಿದ. ಒಯ್ಯುವುದು ಬೇಡ, ಗಿಟಾರ್ ತೊಗೊಂಡು ಇಲ್ಲೇ ಬರ್ರಿ ಅಂದಿದ್ದಾರೆ.